ಬೆಲೆಯ ಜಾಗದಲ್ಲಿ ಒಂದು ಗೆರೆ

ಒಳ್ಳೆಮೆಣಸಿನ, ಅಂದರೆ ಕರಿಮೆಣಸಿನ, ಬೆಲೆ ಎರಡು ವರ್ಷ ಏರುತ್ತಲೇ ಹೋಗಿ, ಒಂದು ಕಡೆ ನಿಂತು, ಆಮೇಲೆ ಬಿತ್ತಲ್ಲ, ಆ ಹಂಗಾಮಿನಲ್ಲಿ ನಾನು ಮಡಿಕೇರಿಯ ಒಂದು ವಾರಪತ್ರಿಕೆಯಲ್ಲಿ ಪೇಟೆ ಧಾರಣೆ ಬರೆಯುತ್ತಿದ್ದೆ. ಕೊಡಗು ಆಗಿನ್ನೂ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ನಮ್ಮ ಮುಖಪುಟದಲ್ಲಿ ಪ್ರತಿ ವಾರವೂ ಒಂದೇ ಚರ್ಚೆ: ಮೈಸೂರಿಗೆ ಸೇರಬೇಕೋ, ಬೇಡವೋ. ಸಂಪಾದಕರಿಗೆ ಬೇರೆ ಯಾವ ಸುದ್ದಿಯೂ ಸುದ್ದಿ ಅನ್ನಿಸುತ್ತಿರಲಿಲ್ಲ. ಕೊನೆಯ ಪುಟದ ಕೆಳಗಿನ ಮೂಲೆ ಯಾರಿಗೂ ಬೇಡವಾಗಿದ್ದದ್ದರಿಂದ ನನಗೆ ಸಿಕ್ಕಿತು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಪ್ರೂಫ್ ತಿದ್ದಲು. ಧಾರಣೆ ಎಂದರೆ ಆಗ ಮೆಣಸಿನ ವರ್ತಕರೊಬ್ಬರ ಅಂಗಡಿಯಿಂದ ಬರುತ್ತಿದ್ದ ಚೀಟಿ. ಅದರಲ್ಲಿದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕುತ್ತಿದ್ದೆವು. ಒಂದು ದಿನ ಪ್ರೂಫ್ ಹಿಡಿದುಕೊಂಡು ಸಂಪಾದಕರನ್ನು ಕೇಳಿದೆ, "ಈ ಬೆಲೆಗೆ ಯಾರು ಕೊಂಡುಕೊಂಡರು ಸರ್?"

"ಯಾರಿಗೆ ಗೊತ್ತಮ್ಮ. ಅದು ಧಾರಣೆ" ಎಂದರು.

"ಹೇಳಿದ ಬೆಲೆಯಾ, ಮಾರಿದ ಬೆಲೆಯಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಅಷ್ಟು ಆಸಕ್ತಿಯಿದ್ದರೆ ನೀವೇ ವಿಚಾರಿಸಿ ಬರೆಯಿರಿ" ಎಂದರು. ಬೈದದ್ದೋ, ಕೆಲಸ ಕೊಟ್ಟದ್ದೋ ನನಗೆ ತಿಳಿಯಲಿಲ್ಲ. ಮುಂದಿನ ವಾರದಿಂದ ವಿಚಾರಿಸಲು ಶುರು ಮಾಡಿದೆ.

ಕೆಲಸ ಹೀಗೆ ನಡೆಯುತ್ತಿತ್ತು. ಮಂಗಳವಾರ ಅಂಚೆ ಕಚೇರಿಗೆ ಹೋಗಿ ತಲಚೇರಿ ಬಂದರಿಗೆ ಟ್ರಂಕ್ ಕಾಲ್ ಬರೆಸಿ, ಬೆಂಚಿನ ಮೇಲೆ ಕಾಯುವುದು. ಲೈನು ಸುತ್ತಿ ಬಳಸಿ ಸಿಗಬೇಕು. ಕೆಲವೊಮ್ಮೆ ಸಂಜೆಯವರೆಗೂ ಸಿಗುತ್ತಿರಲಿಲ್ಲ. ಆ ಕಡೆಯಿಂದ ಮಾತಾಡುತ್ತಿದ್ದವರು ಅಲ್ಲಿನ ಒಂದು ಕಮಿಷನ್ ಮಂಡಿಯ ಗುಮಾಸ್ತರು. ನಾನು ಅವರನ್ನು ಒಮ್ಮೆಯೂ ಕಂಡಿಲ್ಲ. ಬಂದರಿನಲ್ಲಿ ಆ ವಾರ ನಿಜಕ್ಕೂ ಕೈ ಬದಲಾದ ಮೆಣಸಿನ ಬೆಲೆ ಅವರು ಹೇಳುತ್ತಿದ್ದರು. ಬುಧವಾರ ಬಸ್ಸಿನಲ್ಲಿ ನಾಪೋಕ್ಲಿಗೋ ವಿರಾಜಪೇಟೆಗೋ ಹೋಗಿ ಅಲ್ಲಿನ ಅಂಗಡಿಗಳಲ್ಲಿ ಬೆಳೆಗಾರನ ಕೈಗೆ ಏನು ಸಿಕ್ಕಿತು ಎಂದು ಕೇಳುತ್ತಿದ್ದೆ. ವರ್ತಕರನ್ನಲ್ಲ, ಮಾರಿ ಹೊರಗೆ ಬಂದವರನ್ನು. ತೇವಕ್ಕೆಂದು ಎಷ್ಟು ಕಳೆದರು, ಜೊಳ್ಳಿಗೆಂದು ಎಷ್ಟು ಕಳೆದರು, ಲಾರಿ ಬಾಡಿಗೆ ಯಾರ ಮೇಲೆ ಬಿತ್ತು. ಗುರುವಾರ ಎರಡು ಬೆಲೆಗಳನ್ನೂ ಪಕ್ಕಪಕ್ಕ ಕೂರಿಸುವುದು: ಬಂದರಿನದು ಒಂದು, ನಮ್ಮೂರಿನದು ಒಂದು, ನಡುವಿನ ಅಂತರಕ್ಕೆ ಕಾರಣ ಕೆಳಗೆ ನಾಲ್ಕು ಸಾಲು. ಶುಕ್ರವಾರ ಬೆಳಗಿನ ಬಸ್ಸುಗಳಲ್ಲಿ ಪತ್ರಿಕೆ ಊರೂರಿಗೆ ಹೋಗುತ್ತಿತ್ತು.

ಹೀಗೆ ಎರಡು ಬೆಲೆಗಳನ್ನು ಒಟ್ಟಿಗೆ ಹಾಕುವುದನ್ನು ನಮ್ಮ ಕಡೆ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಜನ ಓದಿದರು. ಬಸ್ಸಿನಲ್ಲಿ ನನ್ನ ಎದುರಿಗೇ ಕೂತು, "ಈ ಧಾರಣೆ ಬರೆಯುವವನು ಹಳೆಯ ಮೆಣಸಿನ ವ್ಯಾಪಾರಿಯೇ ಇರಬೇಕು" ಎಂದು ಮಾತಾಡಿಕೊಂಡರು. ಕೆಳಗೆ ಹೆಸರಿರಲಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದೆ.

ಪತ್ರಿಕೆಯಲ್ಲಿ ಹೆಂಗಸು ನಾನೊಬ್ಬಳೇ. ಅಚ್ಚಿನ ಕೆಲಸ ಮುಗಿದರೆ ಎಲ್ಲರೂ ಎದುರಿನ ಹೋಟೆಲಿಗೆ ಕಾಫಿಗೆ ಹೋಗುತ್ತಿದ್ದರು. ನನ್ನನ್ನು ಕರೆಯಬಾರದು ಎಂದೇನೂ ಅವರಿಗಿರಲಿಲ್ಲ, ಕರೆಯುವುದು ಹೊಳೆಯುತ್ತಿರಲಿಲ್ಲ ಅಷ್ಟೇ. ನನ್ನ ಬಾಡಿಗೆ ಕೋಣೆಯಿದ್ದ ಮನೆಯ ಅಜ್ಜಿಗೆ ಕಿವಿ ಮಂದ. ವಾರದಲ್ಲಿ ನಾನು ಯಾರೊಂದಿಗಾದರೂ ಸ್ವಲ್ಪ ಹೊತ್ತು ಮಾತಾಡುತ್ತಿದ್ದದ್ದೆಂದರೆ ಆ ತಲಚೇರಿಯ ಗುಮಾಸ್ತರೊಂದಿಗೇ. "ಮಡಿಕ್ಕೇರಿಯಾ? ಚಳಿ ಹೇಗುಂಟು?" ಎಂದು ಅವರು ಕೇಳುತ್ತಿದ್ದರು. "ಇದೆ" ಎನ್ನುತ್ತಿದ್ದೆ. "ಇಲ್ಲಿ ಸೆಕೆ" ಎನ್ನುತ್ತಿದ್ದರು. ಆಮೇಲೆ ಬೆಲೆ.

ಚೀಟಿ ಕಳಿಸುತ್ತಿದ್ದ ವರ್ತಕರು ಒಂದು ಬುಧವಾರ ಸಂಜೆ ಕಚೇರಿಗೆ ಬಂದರು. ಅವರ ಅಂಗಡಿ ನಾಪೋಕ್ಲಿನಲ್ಲಿ, ಗೋದಾಮು ಮಡಿಕೇರಿಯಲ್ಲಿ, ಜಾಹೀರಾತು ನಮ್ಮ ಎರಡನೇ ಪುಟದಲ್ಲಿ. ಮೇಜಿನ ಮೇಲೆ ಒಂದು ಬಾಟಲಿ ಜೇನುತುಪ್ಪ ಇಟ್ಟರು.

"ತಂಗೀ, ನೀನು ಬರೆಯುವುದು ಚೆನ್ನಾಗಿದೆ. ನಾನೇನೂ ತಪ್ಪು ತಿಳಿಯುವುದಿಲ್ಲ. ಒಂದೇ ಒಂದು ಉಪಕಾರ. ಶುಕ್ರವಾರ ಎಲ್ಲರಿಗೂ ಹೇಳುವುದನ್ನು ನನಗೆ ಬುಧವಾರ ಹೇಳು."

"ಅದು ಆಗುವುದಿಲ್ಲ."

"ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ?"

"ನನ್ನದಲ್ಲ, ಬೇರೆಯವರ ಗಂಟು ಹೋಗುತ್ತದೆ" ಎಂದೆ. ಅವರು ನಕ್ಕರು. ಹೋಗುವಾಗ ಬಾಟಲಿ ತೆಗೆದುಕೊಂಡು ಹೋಗಲಿಲ್ಲ. ಮರುದಿನ ಅದನ್ನು ಅವರ ಗೋದಾಮಿಗೆ ನಾನೇ ಕೊಟ್ಟು ಬಂದೆ. ಆಗ ಅವರು ನಗಲಿಲ್ಲ.

ಬೆಲೆ ನಿಂತದ್ದು ಕೊಯ್ಲು ಮುಗಿಯುವ ಹೊತ್ತಿಗೆ. ಅಂಗಳಗಳಲ್ಲಿ ಮೆಣಸು ಒಣಗಿ, ಗೋಣಿ ಸೇರಿ, ಅಟ್ಟ ಸೇರಿತ್ತು. ಯಾರೂ ಮಾರುತ್ತಿರಲಿಲ್ಲ. ಇನ್ನೂ ಏರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಬಯಲುಸೀಮೆಯ ದಳ್ಳಾಳಿಗಳು ಮನೆಮನೆಗೆ ಬಂದು ಧಾರಣೆಗಿಂತ ತುಸು ಕಡಿಮೆಗೆ ಕೇಳುತ್ತಿದ್ದರು. ಬೆಳೆಗಾರರು ನಮ್ಮ ಪತ್ರಿಕೆ ತೋರಿಸಿ ಅವರನ್ನು ವಾಪಸು ಕಳಿಸುತ್ತಿದ್ದರು.

ಆ ಮಂಗಳವಾರ ಲೈನು ಬೇಗ ಸಿಕ್ಕಿತು. ಗುಮಾಸ್ತರು ಚಳಿಯ ವಿಚಾರ ಕೇಳಲಿಲ್ಲ. ಹೋದ ವಾರದ ಬೆಲೆಯನ್ನೇ ಹೇಳಿದರು.

"ಎಷ್ಟು ಮಾಲು ಹೋಯಿತು?" ನಾನು ಎಂದಿನಂತೆ ಕೇಳಿದೆ.

ಲೈನು ಹೋಯಿತೆಂದುಕೊಂಡೆ. ಆಮೇಲೆ ಅವರು ಸಣ್ಣ ದನಿಯಲ್ಲಿ ಅವರ ಮಲಯಾಳದಲ್ಲೇ ಹೇಳಿದರು, "ವಿಲ ಉಂಡ್. ಕಚ್ಚೋಡಂ ಇಲ್ಲ."

ಬೆಲೆ ಇದೆ, ವ್ಯಾಪಾರ ಇಲ್ಲ.

"ಒಂದೂ ಇಲ್ಲವಾ?"

"ಒಂದೂ ಇಲ್ಲ. ಹಡಗಿನವರು ಬಂದು ಸ್ಯಾಂಪಲ್ ನೋಡುವುದಿಲ್ಲ. ಇಲ್ಲಿ ಎಲ್ಲ ದೊಡ್ಡವರೂ ಹಳೆ ಬೆಲೆ ಹೇಳ್ತಾ ಕೂತಿದ್ದಾರೆ. ಮೊದಲು ಇಳಿಸಿದವ ಸತ್ತ." ಅಷ್ಟರಲ್ಲಿ ಕರೆಯ ಸಮಯ ಮುಗಿಯಿತು.

ಒಬ್ಬರ ಮಾತಿನ ಮೇಲೆ ಬರೆಯುವ ಹಾಗಿರಲಿಲ್ಲ. ಬುಧವಾರ ವಿರಾಜಪೇಟೆಗೆ ಹೋದೆ. ಬಂದರಿಗೆ ಇಳಿಯುವ ಲಾರಿಗಳ ಕಚೇರಿ ಅಲ್ಲಿತ್ತು. ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಆ ಹಂಗಾಮಿನಲ್ಲಿ ಅವು ಅಲ್ಲಿ ನಿಲ್ಲುವ ಹೊತ್ತಲ್ಲ. ಒಬ್ಬ ಡ್ರೈವರ್ ಬಾನೆಟ್ಟಿನ ಮೇಲೆ ಅಂಗಿ ಒಣಗಿಸಿಕೊಂಡು ಕೂತಿದ್ದ.

"ಮೆಣಸಿನ ಲೋಡು ಇಲ್ಲವಾ?"

"ಹೋದದ್ದನ್ನೇ ಇಳಿಸಿಕೊಳ್ಳೋರಿಲ್ಲಕ್ಕ. ಗೋದಾಮಿನ ಮುಂದೆ ನಿಂತು ನಿಂತು ಹಂಗೇ ಎರಡು ಲಾರಿ ವಾಪಸು ಘಟ್ಟ ಹತ್ತಿ ಬಂದವು" ಎಂದ. ಯಾರ ಮಾಲು ಎಂದು ಕೇಳಿದೆ. ಜೇನುತುಪ್ಪ ಇಟ್ಟು ಹೋಗಿದ್ದ ಆ ವರ್ತಕರ ಹೆಸರು ಹೇಳಿದ.

ಅಂದರೆ ಅವರಿಗೆ ಗೊತ್ತಿತ್ತು. ಆ ವಾರವೂ ಅವರ ಅಂಗಡಿಯ ಹಲಗೆಯ ಮೇಲೆ ಹಳೆಯ ಬೆಲೆಯೇ ಇತ್ತು. ಅವರಲ್ಲಿ ದುಬಾರಿಗೆ ಕೊಂಡ ಮಾಲು ತುಂಬಿತ್ತು. ಅದನ್ನು ದಳ್ಳಾಳಿಗಳಿಗೆ ದಾಟಿಸುವವರೆಗೆ ಬೆಲೆ ಹಲಗೆಯ ಮೇಲೆ ನಿಲ್ಲಬೇಕಿತ್ತು.

ಮಡಿಕೇರಿಗೆ ವಾಪಸಾಗುವ ಬಸ್ಸಿನಲ್ಲಿ ಏನು ಬರೆಯುವುದೆಂದು ಯೋಚಿಸಿದೆ. ಬೆಲೆ ಇಳಿಯಿತು ಎಂದು ಬರೆಯುವಂತಿಲ್ಲ. ಇಳಿದಿಲ್ಲ, ಕಡಿಮೆ ಬೆಲೆಗೆ ಯಾರೂ ಮಾರಿಲ್ಲ. ಹಳೆ ಬೆಲೆ ಹಾಕುವಂತೆಯೂ ಇಲ್ಲ, ಆ ಬೆಲೆಗೆ ಯಾರೂ ಕೊಂಡಿಲ್ಲ. ನಾನು ಹಾಕಿಕೊಂಡ ನಿಯಮ ಒಂದೇ ಆಗಿತ್ತು: ಮಾರಿದ ಬೆಲೆ ಮಾತ್ರ. ಮಾರಾಟವೇ ಇಲ್ಲದಿದ್ದರೆ? ಬಂದರಿನ ಬೆಲೆಯ ಜಾಗದಲ್ಲಿ ಒಂದು ಗೆರೆ ಎಳೆದು, ಕೆಳಗೆ, "ಈ ವಾರ ಬಂದರಿನಲ್ಲಿ ವ್ಯಾಪಾರ ನಡೆದಿಲ್ಲ. ಹೇಳುತ್ತಿರುವ ಬೆಲೆಗೆ ಕೊಳ್ಳುವವರು ಕಂಡಿಲ್ಲ" ಎಂದು ಬರೆದುಕೊಟ್ಟೆ.

ಗುರುವಾರ ಬೆಳಗ್ಗೆ ಪ್ರೂಫ್ ಬಂದಾಗ ಗೆರೆ ಇರಲಿಲ್ಲ. ಅದರ ಜಾಗದಲ್ಲಿ ಹೋದ ವಾರದ ಬೆಲೆ ಕೂತಿತ್ತು. ಅಚ್ಚಿನ ಮೊಳೆ ಜೋಡಿಸುವವರು ವಯಸ್ಸಾದವರು, ಒಳ್ಳೆಯವರು.

"ನೀವು ಬರೆಯೋದು ಮರೆತಿದ್ದೀರಿ ಅಂದ್ಕೊಂಡು ನಾನೇ ಹಾಕಿದೆನಮ್ಮ" ಎಂದರು.

"ಮರೆತಿಲ್ಲ. ಗೆರೆಯನ್ನೇ ಹಾಕಿ."

"ಧಾರಣೆಯಲ್ಲಿ ಗೆರೆಯಾ?" ಎಂದು ಅವರು ನನ್ನ ಹಸ್ತಪ್ರತಿಯನ್ನು ಸಂಪಾದಕರ ಬಳಿಗೆ ಒಯ್ದರು.

ಸಂಪಾದಕರು ಬಾಗಿಲು ಮುಚ್ಚಿ ನನ್ನನ್ನು ಕೂರಿಸಿಕೊಂಡರು. ಅವರು ಅಂಜುವ ಮನುಷ್ಯರಲ್ಲ. ಸರ್ಕಾರದ ಮೇಲೆ ಬರೆದು ಎಷ್ಟೋ ಸಲ ಪೇಚಿಗೆ ಸಿಕ್ಕಿದ್ದರು. ಆದರೆ ಇದು ಬೇರೆ ಎಂದರು. "ನಾಳೆ ಇದನ್ನು ನೋಡಿದ ಮೇಲೆ ಯಾವ ದಳ್ಳಾಳಿಯೂ ಹಳೆ ಬೆಲೆ ಕೊಡುವುದಿಲ್ಲ. ಬೆಲೆ ಬಿತ್ತು ಅನ್ನುವುದಿಲ್ಲ ಜನ. ಬೀಳಿಸಿದರು ಅನ್ನುತ್ತಾರೆ."

"ಹಾಕದಿದ್ದರೆ ಜನ ಕಾಯುತ್ತಾರೆ ಸರ್. ನಮ್ಮ ಪತ್ರಿಕೆ ನೋಡಿಕೊಂಡೇ ಕಾಯುತ್ತಿದ್ದಾರೆ."

"ಒಂದು ವಾರ ಆ ಮೂಲೆಯನ್ನೇ ಬಿಟ್ಟುಬಿಡೋಣ. ಜಾಗ ಸಾಲಲಿಲ್ಲ ಅಂದರಾಯಿತು."

"ಜಾಗ ಇದೆ."

ಅವರು ಹಸ್ತಪ್ರತಿಯನ್ನು ಇನ್ನೊಮ್ಮೆ ಓದಿದರು. "ಸರಿ. ಕೆಳಗೆ ನಿಮ್ಮ ಹೆಸರು ಹಾಕಿ. ಹೆಸರಿಲ್ಲದೆ ಇದು ಹೋದರೆ ನಾನು ಮೈಸೂರಿನ ದಳ್ಳಾಳಿಗಳ ಹತ್ತಿರ ದುಡ್ಡು ತಿಂದು ಮಾಡಿಸಿದೆ ಅನ್ನುತ್ತಾರೆ. ನಿಮ್ಮ ಹೆಸರಿದ್ದರೆ ಒಬ್ಬಳು ಹುಡುಗಿಗೆ ಏನೋ ತಿಳಿಯಲಿಲ್ಲ ಅನ್ನುತ್ತಾರೆ, ಅಷ್ಟೇ."

ನಾನು ಪ್ರೂಫಿನ ಕೆಳಗೆ ನನ್ನ ಹೆಸರು ಬರೆದೆ. ನನ್ನ ಹೆಸರು ಅಚ್ಚಿಗೆ ಹೋದದ್ದು ಅದೇ ಮೊದಲು. ಹೀಗೆ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಆ ಮಧ್ಯಾಹ್ನ ಪುಟ ಯಂತ್ರಕ್ಕೆ ಏರುವ ಮೊದಲು ಅಣ್ಣ ಬಂದ.

ನಮ್ಮ ಮನೆ ನಾಪೋಕ್ಲಿನ ಆಚೆ. ಅಪ್ಪ ಹೋದ ಮೇಲೆ ಗದ್ದೆ ತೋಟ ಎಲ್ಲ ಅಣ್ಣನೇ ನೋಡಿಕೊಳ್ಳುತ್ತಿದ್ದ. ನನ್ನನ್ನು ಮಂಗಳೂರಿಗೆ ಓದಲು ಕಳಿಸಿದ್ದೂ ಅವನೇ, ಊರವರ ನಿಷ್ಠುರ ಕಟ್ಟಿಕೊಂಡು. ಅವನಿಗೆ ಒಂದೇ ಆಸೆಯಿತ್ತು. ಊರಿನಲ್ಲಿ ಒಂದು ಅಕ್ಕಿ ಮಿಷನ್ ಹಾಕಬೇಕು. ನಮ್ಮ ಕಡೆಯವರು ಭತ್ತ ಹೊತ್ತುಕೊಂಡು ಅಷ್ಟು ದೂರ ಹೋಗುವುದು ತಪ್ಪಬೇಕು. ಯಂತ್ರ ನೋಡಿ ಬಂದಿದ್ದ, ಅದನ್ನು ಕೂರಿಸುವ ಜಾಗದಲ್ಲಿ ಕಲ್ಲು ಹಾಕಿಸಿದ್ದ. ಅದರ ದುಡ್ಡಿಗೆಂದೇ ಎರಡು ಹಂಗಾಮಿನ ಮೆಣಸು ಅಟ್ಟದಲ್ಲಿತ್ತು.

ಮನೆಯಲ್ಲಿ ನಮ್ಮದು ಅರೆಭಾಷೆ. ಪೇಟೆಗೆ ಬಂದಾಗ ಅವನು ಬೇರೆಯವರ ಎದುರು ಕನ್ನಡವನ್ನೇ ಆಡುತ್ತಿದ್ದ. ನನ್ನ ಮೇಜಿನ ಎದುರು ಕೂತು, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ, "ಒಬ್ಬ ದಳ್ಳಾಳಿ ಬಂದಿದ್ದಾನೆ. ನಿಮ್ಮ ಧಾರಣೆಗಿಂತ ಸ್ವಲ್ಪ ಕಡಿಮೆಗೆ ಕೇಳ್ತಾನೆ. ಇವತ್ತು ಕತ್ತಲಾಗೋದರೊಳಗೆ ಹೇಳಬೇಕಂತೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿಬಿಡ್ತಾನೆ."

ಅವನು ದನಿ ತಗ್ಗಿಸಿ ನಮ್ಮ ಮಾತಿಗೆ ಬಂದ, "ಎಂಥ ಮಾಡ್ದು? ಕೊಡ್ದಾ, ಕಾಯ್ದಾ?"

ಗೋಡೆಯ ಆಚೆ ಪುಟ ಬಿಗಿಯುತ್ತಿದ್ದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಕೊಡು ಎಂದು ಎರಡೇ ಅಕ್ಷರ ಹೇಳಿದ್ದರೆ ಸಾಕಾಗಿತ್ತು. ಸಂಜೆಯ ಬಸ್ಸಿಗೆ ಹೋಗಿ ಅವನು ಮಾರುತ್ತಿದ್ದ. ಪಕ್ಕದ ಮನೆಯವರಿಗೂ ಹೇಳುತ್ತಿದ್ದ, ಅವನ ಸ್ವಭಾವವೇ ಹಾಗೆ. ದೂರದ ತಿತಿಮತಿಯಲ್ಲಿ, ಶನಿವಾರಸಂತೆಯಲ್ಲಿ ನಮ್ಮ ಪತ್ರಿಕೆ ನಂಬಿಕೊಂಡು ಕೂತವರಿಗೆ ಹೇಳುವವರು ಯಾರೂ ಇರುತ್ತಿರಲಿಲ್ಲ. ಆ ದಳ್ಳಾಳಿಯೂ ನಾಳೆ ಕಾಸು ಕೊಟ್ಟು ಪತ್ರಿಕೆ ಕೊಳ್ಳುವವನೇ. ನನಗೆ ಗೊತ್ತಿರುವುದನ್ನು ಅಡಗಿಸಿ ಅವನ ತಲೆಗೆ ಮಾಲು ಕಟ್ಟಿದ ಹಾಗಾಗುತ್ತಿತ್ತು. ಇದೆಲ್ಲ ನಾನು ಆಗಲೇ ಹೀಗೆ ಬಿಡಿಸಿ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಆಗ ನನಗೆ ಕಂಡದ್ದು ಮೇಜಿನ ಮೇಲೆ ಆ ವರ್ತಕರು ಬಾಟಲಿ ಇಟ್ಟ ಜಾಗದಲ್ಲೇ ಅಣ್ಣನ ಕೈ ಇದ್ದದ್ದು.

"ನಾನು ಹೇಳುವ ಹಾಗಿಲ್ಲ ಅಣ್ಣ. ನಾಳೆ ಪೇಪರ್ ಬರುತ್ತೆ."

"ನಾಳೆ ಅವನಿರೋದಿಲ್ಲ ಅಂದೆನಲ್ಲ."

"ಗೊತ್ತಾಯ್ತು."

"ಬೆಲೆ ಇಳಿದಿಲ್ಲ ತಾನೆ?"

"ಹೋದ ವಾರದ ಪೇಪರಲ್ಲಿ ಇರೋದು ನೀನು ನೋಡಿದ್ದೀಯ."

ಅವನು ನನ್ನ ಮುಖವನ್ನೇ ನೋಡಿದ. "ಏನೋ ಇದೆ ನಿನ್ನ ಮುಖದಲ್ಲಿ."

"ನನ್ನ ಮುಖ ನೋಡಬೇಡ" ಎಂದೆ.

ಅದನ್ನು ಅವನು ಹೇಗೆ ತಿಳಿದುಕೊಂಡನೋ, ಸಣ್ಣಗೆ ನಕ್ಕ. ತಂಗಿ ಬಾಯಿ ಬಿಡದಿದ್ದರೂ ಏರುತ್ತದೆ ಎಂದೇ ಸೂಚಿಸಿದಳು ಎಂದುಕೊಂಡಿರಬೇಕು. "ಆಯ್ತು. ಕಾಯ್ತೇನೆ" ಎಂದು ಎದ್ದ. ಅವ್ವ ಕೊಟ್ಟ ಕಿತ್ತಳೆ ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಹೋದ. ಬಾಗಿಲ ಹತ್ತಿರ ಅವನನ್ನು ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಳಗೆ ಹೋಗಿ ಕೊನೆಯ ಪ್ರೂಫ್ ನೋಡಿದೆ. ಗೆರೆ ಸರಿಯಾಗಿ ಕೂತಿತ್ತು.

ಶುಕ್ರವಾರ ಏನಾಯಿತೆಂದು ನಾನು ಕಣ್ಣಾರೆ ಕಂಡದ್ದು ಕಡಿಮೆ, ಕೇಳಿ ತಿಳಿದದ್ದೇ ಹೆಚ್ಚು. ಬಸ್ಸುಗಳು ಮುಟ್ಟಿದ ಕಡೆಯೆಲ್ಲ ದಳ್ಳಾಳಿಗಳು ತಮ್ಮ ಬೆಲೆ ಇಳಿಸಿದರು. ಕೆಲವರು ಇಳಿಸಿದ ಬೆಲೆಗೇ ಆವತ್ತೇ ಮಾರಿದರು. ಹೆಚ್ಚಿನವರು ಇದು ಪತ್ರಿಕೆಯವರ ಆಟ ಎಂದು ಕೋಪದಿಂದ ಮಾಲು ಇಟ್ಟುಕೊಂಡರು. ಅಣ್ಣನೂ ಇಟ್ಟುಕೊಂಡ. ಸೋಮವಾರ ವರ್ತಕರ ಜಾಹೀರಾತು ನಿಂತಿತು, ಅವರ ಹಿಂದೆಯೇ ಇನ್ನೂ ಕೆಲವರದು. ಕಚೇರಿಗೆ ಬಂದು ನನ್ನ ಹೆಸರು ಹಿಡಿದು ಕೇಳಿದವರು ಹಲವರು. ಒಬ್ಬ ಮುದುಕರು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವಳಾ?" ಎಂದಷ್ಟೇ ಹೇಳಿ ಹೋದರು. ಅಚ್ಚಿನ ಮನೆಯಲ್ಲಿ ನನ್ನೊಂದಿಗೆ ಮಾತು ಕೆಲಸದ ಮಟ್ಟಿಗೆ ಇಳಿಯಿತು. ಸಂಪಾದಕರು ಮಾತ್ರ ಒಂದು ದಿನವೂ ಆ ಮೂಲೆ ಬಿಡೋಣ ಎನ್ನಲಿಲ್ಲ. ಎರಡನೇ ಪುಟದ ಖಾಲಿ ಜಾಗವನ್ನು ವಿಲೀನದ ಚರ್ಚೆಯಿಂದ ತುಂಬಿಸಿದರು.

ಎರಡನೇ ವಾರವೂ ಗೆರೆ. ಮೂರನೇ ವಾರ ಬಂದರಿನಲ್ಲಿ ಯಾರೋ ಒಬ್ಬರು ತಡೆಯಲಾರದೆ ಮಾರಿದರು. ಆ ಬೆಲೆ ಹಾಕಿದೆ. ಹಳೆಯ ಬೆಲೆಯ ಅರ್ಧಕ್ಕೂ ಕಡಿಮೆಯಿತ್ತು. ಅದರ ಮುಂದಿನ ವಾರ ಅದೂ ಇರಲಿಲ್ಲ.

ಆ ನಡುವೆ ಒಂದು ಮಂಗಳವಾರ ಟ್ರಂಕ್ ಕಾಲಿನಲ್ಲಿ ಬೇರೆ ದನಿ ಕೇಳಿತು. ಮಂಡಿ ಮುಚ್ಚುತ್ತಿದ್ದೇವೆ, ಗುಮಾಸ್ತರು ಊರಿಗೆ ಹೋದರು ಎಂದಿತು. ಯಾವ ಊರು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅವರ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಮಾತಾಡಲು ಇನ್ನೂ ಸಮಯ ಉಳಿದಿತ್ತು, ಕೇಳುವುದೇನೂ ಇರಲಿಲ್ಲ. ಹೊಸ ಮಂಡಿಯೊಂದನ್ನು ಹುಡುಕಿಕೊಳ್ಳಲು ಮಳೆಗಾಲವೆಲ್ಲ ಹಿಡಿಯಿತು.

ಮಳೆ ಮುಗಿಯುವ ಹೊತ್ತಿಗೆ ತಿತಿಮತಿ ಕಡೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು, ತಮ್ಮ ಧಣಿಗಳಿಗೂ ಅಕ್ಕಪಕ್ಕದ ತೋಟಗಳಿಗೂ ಸೇರಿಸಿ ಪತ್ರಿಕೆಗೆ ಚಂದಾ ಕಟ್ಟಿದರು. "ಆ ಶುಕ್ರವಾರವೇ ಮಾರಿದ್ದಕ್ಕೆ ನಾವು ಉಳಿದೆವು" ಎಂದರು. ಅಂಥ ಚಂದಾ ಒಂದೊಂದಾಗಿ ಬಂತು. ಜಾಹೀರಾತುಗಳೂ ಸದ್ದಿಲ್ಲದೆ ವಾಪಸಾದವು, ಜೇನುತುಪ್ಪದ ವರ್ತಕರದ್ದು ಎಲ್ಲರಿಗಿಂತ ಕೊನೆಗೆ. ಧಾರಣೆಯ ಕೆಳಗೆ ನನ್ನ ಹೆಸರು ಉಳಿಯಿತು. ಏಲಕ್ಕಿ, ಕಿತ್ತಳೆ, ಜೇನು ಎಲ್ಲ ಸೇರಿ ಅದು ಅರ್ಧ ಪುಟವಾಯಿತು. ಬೇರೆ ಊರಿನ ಪತ್ರಿಕೆಗಳು ಎರಡು ಬೆಲೆ ಪಕ್ಕಪಕ್ಕ ಹಾಕುವ ರೀತಿಯನ್ನು ಎತ್ತಿಕೊಂಡವು ಎಂದು ಸಂಪಾದಕರು ಹೆಮ್ಮೆಯಿಂದ ತೋರಿಸಿದರು.

ಅಣ್ಣ ಬರಲಿಲ್ಲ. ಮೆಣಸನ್ನು ಕೊನೆಗೆ ಮಳೆಗೆ ಮುಂಚೆ ಸಿಕ್ಕ ಬೆಲೆಗೆ ಕೊಟ್ಟನೆಂದು ಬಸ್ಸಿನ ಕಂಡಕ್ಟರ್ ಹೇಳಿದ. ಯಂತ್ರದ ಮಾತು ಬಿಟ್ಟುಹೋಯಿತು.

ಸುಗ್ಗಿಯ ಹಬ್ಬ ಹುತ್ತರಿಗೆ ಮನೆಗೆ ಹೋದೆ. ಹೋಗದಿರುವ ಹಾಗಿರಲಿಲ್ಲ. ಕದಿರು ತೆಗೆಯುವಾಗ ಅವನು ನನ್ನ ಪಕ್ಕದಲ್ಲೇ ನಿಂತಿದ್ದ, ಮಾತಾಡಲಿಲ್ಲ. ಊಟಕ್ಕೆ ಕೂತಾಗ, "ಅವಳಿಗೆ ಇನ್ನೊಂದಿಷ್ಟು ಬಡಿಸು" ಎಂದು ಅವ್ವನಿಗೆ ಹೇಳಿದ. ಅತ್ತಿಗೆ ನನ್ನನ್ನು ನೆಂಟರನ್ನು ಉಪಚರಿಸುವ ಹಾಗೆ ಉಪಚರಿಸಿದಳು.

ಮರುದಿನ ಹೊರಟಾಗ ಅವನೇ ನನ್ನ ಚೀಲ ಎತ್ತಿಕೊಂಡು ರಸ್ತೆಯವರೆಗೆ ಬಂದ. ಗದ್ದೆಯ ಏರಿಯ ಮೇಲೆ ಅವನು ಮುಂದೆ, ನಾನು ಹಿಂದೆ. ಬಸ್ಸು ಬರುವುದು ದೂರದಿಂದ ಕೇಳಿದಾಗ ತಿರುಗಿ ನೋಡದೆ ಕೇಳಿದ.

"ಬೇರೆ ಯಾರಾದ್ರೂ ಬಂದು ಕೇಳಿದ್ರಾ? ನಂಗಿಂತ ಮುಂಚೆ?"

"ಕೇಳಿದ್ರು. ಆ ವಾರ ಅಲ್ಲ, ಅದಕ್ಕೂ ಮೊದಲು" ಎಂದು ವರ್ತಕರ ಹೆಸರು ಹೇಳಿದೆ.

"ಅಂವಂಗೂ ಹೇಳ್ಲಿಲ್ಲ?"

"ಇಲ್ಲ."

ಬಸ್ಸು ಬಂದು ನಿಂತಿತು. ಚೀಲವನ್ನು ಒಳಗೆ ಇಟ್ಟು, ನಾನು ಹತ್ತಲು ಪಕ್ಕಕ್ಕೆ ಸರಿದ.

"ಹಂಗಾರೆ ನಿಂಗೆ ಅಂವನೂ ನಾನೂ ಒಂದೇ" ಎಂದ.

ಮಾತಿನಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. ಬೇರೆ ಏನಾದರೂ ಹೇಳಿ ಅದನ್ನು ಮೆತ್ತಗೆ ಮಾಡಬಹುದಿತ್ತು. ಆದರೆ ಅವನು ಕೇಳಿದ್ದು ಸರಿಯಾಗಿತ್ತು, ಉತ್ತರ ಒಂದೇ ಇತ್ತು.

"ಆ ಒಂದು ವಿಷಯದಲ್ಲಿ, ಹೌದು" ಎಂದೆ.

ಅವನು ತಲೆಯಾಡಿಸಿದ. ಕಂಡಕ್ಟರ್ ಬಾಗಿಲು ಎಳೆದುಕೊಂಡ. ನಾನು ಕಿಟಕಿಯ ಹತ್ತಿರ ಕೂತು ನೋಡಿದಾಗ ಅಣ್ಣ ಆಗಲೇ ಏರಿಯ ಮೇಲೆ ಮನೆಯ ಕಡೆ ನಡೆಯುತ್ತಿದ್ದ, ಬೇಗ ಬೇಗ, ಬೆಳಗಿನ ಕೆಲಸ ಬಾಕಿಯಿರುವವರ ಹಾಗೆ.